ಕೋಲಿನ ತೂಕ, ಕೈಯ ಹದ

ಕನ್ನಡದ ‘ತೂಗು’ ಎಂಬ ಧಾತುವಿಗೆ ಎರಡು ಅರ್ಥಗಳುಂಟು. ಅಂಗಡಿಯವನು ಬೆಲ್ಲವನ್ನು ತೂಗುತ್ತಾನೆ. ತಾಯಿ ತೊಟ್ಟಿಲನ್ನು ತೂಗುತ್ತಾಳೆ. ಒಂದು ಭಾರವನ್ನು ಅಳೆಯುವ ಕೆಲಸ. ಇನ್ನೊಂದು ನೇತುಬಿದ್ದುದನ್ನು ಅತ್ತಿತ್ತ ಆಡಿಸುವ ಕೆಲಸ. ತರಗತಿಯಲ್ಲಿ ಕುಳಿತ ವಿದ್ಯಾರ್ಥಿ ತಲೆಯನ್ನು ಹಿಂದೆಮುಂದೆ ಮಾಡುತ್ತ ತೂಕಡಿಸುವಾಗಲೂ ಇದೇ ಧಾತು ಅವನ ಬೆನ್ನಿಗಿರುತ್ತದೆ. ತಮಿಳಿನಲ್ಲಿ ಇದರ ಸೋದರ ಶಬ್ದಕ್ಕೆ ತೂಗಾಡು ಎಂಬ ಅರ್ಥದ ಜೊತೆಗೆ ನಿದ್ರಿಸು ಎಂಬ ಅರ್ಥವೂ ಬಂದಿದೆ. ಭಾರವನ್ನು ತಿಳಿಯಬೇಕಾದರೆ ವಸ್ತುವನ್ನು ನೆಲದಿಂದ ಮೇಲೆತ್ತಬೇಕು, ತೂಗಬಿಡಬೇಕು, ಅದು ಎತ್ತ ವಾಲುತ್ತದೆಂದು ನೋಡಬೇಕು. ಈ ಅನುಭವವನ್ನು ನಮ್ಮ ಪೂರ್ವಿಕರು ಒಂದು ಸಣ್ಣ ಧಾತುವಿನಲ್ಲಿ ಕಟ್ಟಿಟ್ಟರು. ನಿಘಂಟಿನ ಈ ಸಂಗತಿಯನ್ನು ನಾನು ಅನೇಕ ವರ್ಷ ವಿದ್ಯಾರ್ಥಿಗಳಿಗೆ ಹೇಳಿದ್ದುಂಟು. ಆದರೆ ಅದನ್ನು ಕಣ್ಣಾರೆ ಕಂಡದ್ದು ಕಳೆದ ವರ್ಷ, ಬಸವಕಲ್ಯಾಣದ ಒಬ್ಬ ವೃದ್ಧ ಬಡಗಿಯ ಅಂಗಳದಲ್ಲಿ. ಅವರ ಕೈಯಲ್ಲಿ ಅಂದು ಇದ್ದುದು ನೇಗಿಲಲ್ಲ, ನೊಗವಲ್ಲ. ಪೂಲ್ ಆಟದ ಒಂದು ಕೋಲು.

ಕನ್ನಡದ ಅಧ್ಯಾಪಕನಿಗೂ ಪೂಲ್ ಆಟಕ್ಕೂ ಏನು ಸಂಬಂಧವೆಂದು ವಾಚಕರು ಹುಬ್ಬೇರಿಸಬಹುದು. ನಾನು ಆಟಗಾರನಲ್ಲ. ಹುಮನಾಬಾದಿನಲ್ಲಿ ನನ್ನ ತರಗತಿಯಲ್ಲಿ ಓದುವ ಒಬ್ಬ ಹುಡುಗ ಸಂಜೆಯ ಹೊತ್ತು ಹೆದ್ದಾರಿಯ ಬದಿಯ ಪೂಲ್ ಕೋಣೆಯೊಂದರಲ್ಲಿ ಕೆಲಸಕ್ಕಿದ್ದಾನೆ. ಮೇಜಿನ ಹಸಿರು ಬಟ್ಟೆಯನ್ನು ಕುಂಚದಿಂದ ಉಜ್ಜುವುದು, ಚೆಂಡುಗಳನ್ನು ತ್ರಿಕೋನದಲ್ಲಿ ಜೋಡಿಸುವುದು, ಆಡಿದವರ ಲೆಕ್ಕ ಬರೆಯುವುದು, ಇವು ಅವನ ಕೆಲಸ. ಗಿರಾಕಿಗಳಿಲ್ಲದ ವೇಳೆಯಲ್ಲಿ ತಾನೂ ಆಡಿ ಆಡಿ ಒಳ್ಳೆಯ ಆಟಗಾರನಾಗಿದ್ದಾನೆ. ಆ ಕೋಣೆಗೆ ಬರುತ್ತಿದ್ದ ಹಿರಿಯರೊಬ್ಬರು ಈ ಹುಡುಗನ ಆಟವನ್ನು ಮೆಚ್ಚಿ, ತಮ್ಮ ಕೊನೆಯ ದಿನಗಳಲ್ಲಿ ತಮ್ಮ ಕೋಲನ್ನು ಅವನಿಗೆ ಕೊಟ್ಟುಬಿಟ್ಟರು. ಅದು ಅಂಗಡಿಯಲ್ಲಿ ಸಿಗುವ ಮಾಲಲ್ಲ. ಹೈದರಾಬಾದಿನಲ್ಲಿ ಕುಶಲಿಯೊಬ್ಬನ ಬಳಿ ಕೈಯಲ್ಲೇ ಮಾಡಿಸಿಕೊಂಡದ್ದು. ಮುಂಭಾಗ ಮೇಪಲ್ ಮರ, ಹಿಂಭಾಗ ಎಬನಿ, ನಡುವೆ ಹಿತ್ತಾಳೆಯ ತಿರುಪು.

ಕೊಟ್ಟವರು ತೀರಿಕೊಂಡರು. ಕೋಲು ಉಳಿಯಿತು, ಆದರೆ ಅದು ಹುಡುಗನ ಕೈಗೆ ಒಗ್ಗಲಿಲ್ಲ. ಮೂತಿ ಮೇಲೇಳುತ್ತದೆ, ಹೊಡೆತ ತುಸು ಅತ್ತಿತ್ತ ಸರಿಯುತ್ತದೆ, ಕೋಣೆಯ ಗೋಡೆಗೆ ಒರಗಿಸಿಟ್ಟ ಅಗ್ಗದ ಕೋಲಿನಲ್ಲಿ ಬೀಳುವ ಚೆಂಡು ಇದರಲ್ಲಿ ಬೀಳದು ಎಂಬುದು ಅವನ ದೂರು. ಕಲಬುರಗಿಯಲ್ಲಿ ಒಂದು ಸ್ಪರ್ಧೆಗೆ ಹೆಸರು ಕೊಟ್ಟಿದ್ದ. ಆರು ವಾರಗಳ ಅವಧಿ ಇತ್ತು. ಹೊಸ ಕೋಲನ್ನು ಕೊಳ್ಳುವುದೆಂದರೆ ಅವನ ಮೂರು ತಿಂಗಳ ಸಂಪಾದನೆ. ಇದನ್ನು ಮಾರಿದರೆ ಆ ಹಣ ಬರುತ್ತಿತ್ತು, ಕೇಳುವವರೂ ಇದ್ದರು. ಆದರೆ ಕೊಟ್ಟವರ ಮುಖ ಕಣ್ಣ ಮುಂದೆ ಬರುತ್ತಿತ್ತು. ಕತ್ತರಿಸಿ ಕಿರಿದು ಮಾಡಿಸೆಂದು ಯಾರೋ ಹೇಳಿದರು. ಕತ್ತರಿಸಿದರೆ ಮತ್ತೆ ಕೂಡಿಸಲಾಗದು. ಹೀಗಿರುವಲ್ಲಿ ಅವನು ಒಂದು ದಿನ ನನ್ನ ಬಳಿಗೆ ಬಂದು, “ಸರ್, ನಿಮ್ಗ ಯಾರರ ಛಲೋ ಬಡಗೇರು ಗೊತ್ತಾರೇನ್ರಿ?” ಎಂದು ಕೇಳಿದ. ನನಗೆ ಬಸವಕಲ್ಯಾಣದ ಈ ಹಿರಿಯರ ನೆನಪಾಯಿತು.

ಮುಂದೆ ಹೇಳಬೇಕಾದುದನ್ನು ಹೇಳುವ ಮುನ್ನ ಈ ಕೋಲಿನ ಕುಲಗೋತ್ರವನ್ನು ಎರಡು ಮಾತಿನಲ್ಲಿ ತಿಳಿಸುವುದು ಉಚಿತ. ಇಂಗ್ಲಿಷಿನವರು ಇದನ್ನು ‘ಕ್ಯೂ’ ಎನ್ನುತ್ತಾರೆ. ಪಡಿತರ ಅಂಗಡಿಯ ಮುಂದೆ ನಾವು ನಿಲ್ಲುವ ‘ಕ್ಯೂ’ವೂ ಇದೂ ಮೂಲದಲ್ಲಿ ಒಂದೇ ಶಬ್ದ. ಎರಡೂ ಫ್ರೆಂಚಿನಿಂದ ಬಂದವು. ಅಲ್ಲಿ ಅದಕ್ಕೆ ಬಾಲವೆಂದು ಅರ್ಥ. ಹಿಂದೆ ಬಿಲಿಯರ್ಡ್ಸ್ ಮೇಜಿನ ಮೇಲೆ ಚೆಂಡನ್ನು ತಳ್ಳುತ್ತಿದ್ದುದು ತುದಿಯಲ್ಲಿ ಅಗಲವಾದ ಮರದ ತುಂಡಿದ್ದ ಗದೆಯಂಥ ಸಾಧನದಿಂದ. ಚೆಂಡು ಮೇಜಿನ ಅಂಚಿಗೆ ಅಂಟಿಕೊಂಡಾಗ ಆ ಅಗಲವಾದ ತಲೆ ಅಲ್ಲಿಗೆ ಹೋಗುತ್ತಿರಲಿಲ್ಲ. ಆಗ ಆಟಗಾರರು ಸಾಧನವನ್ನು ತಿರುಗಿಸಿ ಅದರ ಬಾಲದಿಂದ ಹೊಡೆಯುತ್ತಿದ್ದರು. ಕಾಲಕ್ರಮದಲ್ಲಿ ತಲೆ ಹೋಯಿತು, ಬಾಲವೇ ಆಟದ ಕೋಲಾಯಿತು. 19ನೆಯ ಶತಮಾನದ ಆರಂಭದಲ್ಲಿ ಫ್ರಾನ್ಸಿನ ಮಿಂಗೋ ಎಂಬ ಸೈನಿಕಾಧಿಕಾರಿ ಅದರ ತುದಿಗೆ ಚರ್ಮದ ಗುಂಡಿಯನ್ನು ಅಂಟಿಸಿದ ಮೇಲೆ ಚೆಂಡಿಗೆ ಬೇಕಾದ ಸುತ್ತನ್ನು ಕೊಡುವುದು ಸಾಧ್ಯವಾಯಿತು.

ನಮ್ಮ ದೇಶಕ್ಕೂ ಈ ಆಟಗಳಿಗೂ ಇರುವ ನಂಟು ಚಿಕ್ಕದೇನಲ್ಲ. ಸ್ನೂಕರ್ ಹುಟ್ಟಿದ್ದು 1875ರಲ್ಲಿ ಜಬಲಪುರದ ಸೈನಿಕರ ನಡುವೆ. ಅದರ ನಿಯಮಗಳು ರೂಪುಗೊಂಡದ್ದು ನಮ್ಮ ನೆರೆಯ ಉದಕಮಂಡಲದ ಕ್ಲಬ್ಬಿನಲ್ಲಿ. 1958ರಲ್ಲಿ ಕಲ್ಕತ್ತೆಯಲ್ಲಿ ವಿಲ್ಸನ್ ಜೋನ್ಸ್ ಬಿಲಿಯರ್ಡ್ಸಿನ ವಿಶ್ವ ಹವ್ಯಾಸಿ ಪ್ರಶಸ್ತಿಯನ್ನು ಗೆದ್ದು, ವೈಯಕ್ತಿಕ ಕ್ರೀಡೆಯೊಂದರಲ್ಲಿ ವಿಶ್ವವಿಜೇತನಾದ ಮೊದಲ ಭಾರತೀಯನೆನಿಸಿದರು. ಬೆಂಗಳೂರಿನಲ್ಲಿ ಬೆಳೆದ ಪಂಕಜ್ ಅಡ್ವಾಣಿ 2003ರಲ್ಲಿ ಸ್ನೂಕರಿನಲ್ಲಿ, 2005ರಲ್ಲಿ ಬಿಲಿಯರ್ಡ್ಸಿನಲ್ಲಿ ವಿಶ್ವಪ್ರಶಸ್ತಿ ಪಡೆದು ಕರ್ನಾಟಕದ ಹೆಸರನ್ನು ಎತ್ತಿಹಿಡಿದರು. ಅಷ್ಟೇ ಏಕೆ, ಕೋಲು ಚೆಂಡುಗಳ ಮಾತು ಕಲ್ಯಾಣಕ್ಕೂ ಹೊಸದಲ್ಲ. ಇಲ್ಲಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 1129ರ ಸುಮಾರಿಗೆ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ನೂರು ಅಧ್ಯಾಯಗಳಿವೆ. ರಾಜ್ಯಭಾರದಿಂದ ಅಡಿಗೆಯವರೆಗೆ ಎಲ್ಲವನ್ನೂ ವಿವರಿಸುವ ಆ ಗ್ರಂಥ ವಿನೋದಗಳಿಗೂ ಧಾರಾಳವಾಗಿ ಸ್ಥಳ ಕೊಟ್ಟಿದೆ. ಕುದುರೆಯ ಮೇಲೆ ಕುಳಿತು ಕೋಲಿನಿಂದ ಚೆಂಡನ್ನು ಹೊಡೆಯುವ ಆಟ ಅವುಗಳಲ್ಲೊಂದು. ಆಟವನ್ನು ಹಗುರವಾಗಿ ಕಾಣುವ ಪಂಡಿತರು ಈ ಪಂಡಿತ ರಾಜನನ್ನು ಒಮ್ಮೆ ನೆನೆಯುವುದು ಒಳ್ಳೆಯದು.

ಹುಮನಾಬಾದಿನಿಂದ ಬಸವಕಲ್ಯಾಣ ಬಹು ದೂರವಲ್ಲ. ಸೋಲಾಪುರದ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಸಾಗಿ, ಬಂಗ್ಲಾದ ಬಳಿ ತಿರುಗಿ ಊರೊಳಗೆ ಹೋಗಬೇಕು. ನಾವು ಹೋದ ಬಡಗಿಯ ವಯಸ್ಸು ಎಪ್ಪತ್ತನ್ನು ದಾಟಿತ್ತು. ಅವರ ತಂದೆಯ ಕಾಲದಲ್ಲಿ ಸುತ್ತಲಿನ ರೈತರು ವರ್ಷಕ್ಕೊಮ್ಮೆ ಕಣದಲ್ಲೇ ಜೋಳವನ್ನು ಅಳೆದು ಆಯ ಕೊಡುತ್ತಿದ್ದರಂತೆ. ಅದಕ್ಕೆ ಪ್ರತಿಯಾಗಿ ವರ್ಷವಿಡೀ ನೇಗಿಲು, ಕುಂಟೆ, ನೊಗ, ಗಾಡಿಗಳ ದುರಸ್ತಿ. ಈಗ ಹೊಲಕ್ಕೆ ಟ್ರ್ಯಾಕ್ಟರು ಬಂದಿದೆ. ಮನೆಗೆ ಸಿದ್ಧ ಬಾಗಿಲುಗಳು ಲಾರಿಯಲ್ಲಿ ಬರುತ್ತವೆ. ಅಂಗಳದ ಮೂಲೆಯಲ್ಲಿ ಜಾಲಿಯ ಮರದ ಗಾಡಿಯ ಮೂಕಿಯೊಂದು ಅರ್ಧ ಕೆತ್ತಿದ ಸ್ಥಿತಿಯಲ್ಲೇ ಬಿಸಿಲಿಗೆ ಬಿರಿದು ಬಿದ್ದಿತ್ತು. ಮಾಡಿಸಲು ಹೇಳಿದವನು ಮತ್ತೆ ಬಂದಿರಲಿಲ್ಲ. ಗೋಡೆಗೆ ಬಾಚಿ, ಉಳಿ, ಬೈರಿಗೆಗಳು ಸಾಲಾಗಿ ತೂಗುತ್ತಿದ್ದವು. ಹನ್ನೆರಡನೆಯ ಶತಮಾನದಲ್ಲಿ ಇದೇ ಊರಿನ ಶರಣರ ನಡುವೆ ಬಾಚಿಕಾಯಕದ ಬಸವಯ್ಯನೆಂಬ ಬಡಗಿ ವಚನಕಾರನಿದ್ದುದನ್ನು ಪಾಠ ಹೇಳುವ ನನಗೆ ಆ ಬಾಚಿಯನ್ನು ಕಂಡು ಒಂದು ಕ್ಷಣ ಮನಸ್ಸು ತುಂಬಿತು. ವೃದ್ಧರಿಗೆ ಅಂಥ ಭಾವನೆಗಳಿಗೆ ವೇಳೆಯಿರಲಿಲ್ಲ. “ಏನ್ ತಂದೀರಿ ಮಾಸ್ತರ್ರೆ, ತೋರ್ಸ್ರಿ” ಎಂದರು.

ಅವರು ಅಂಥ ಕೋಲನ್ನು ಹಿಂದೆ ಕಂಡವರಲ್ಲ. ಮೊದಲು ಎರಡೂ ಕೈಗಳ ತೋರುಬೆರಳುಗಳನ್ನು ಚಾಚಿ, ಒಂದರ ಮೇಲೆ ಕೋಲಿನ ಬುಡವನ್ನೂ ಇನ್ನೊಂದರ ಮೇಲೆ ಮುಂಭಾಗವನ್ನೂ ಇಟ್ಟುಕೊಂಡರು. ಆಮೇಲೆ ಎರಡು ಬೆರಳುಗಳನ್ನೂ ನಿಧಾನವಾಗಿ ಹತ್ತಿರ ತಂದರು. ಒಮ್ಮೆ ಈ ಬೆರಳು ಜಾರುತ್ತದೆ, ಒಮ್ಮೆ ಆ ಬೆರಳು. ಕೊನೆಗೆ ಎರಡೂ ಒಂದೆಡೆ ಕೂಡಿದವು. ಕೋಲು ಬೀಳಲಿಲ್ಲ. ಅಲ್ಲಿ ಇದ್ದಿಲಿನಿಂದ ಒಂದು ಗೆರೆ ಎಳೆದರು. ವಿಜ್ಞಾನದ ವಿದ್ಯಾರ್ಥಿಗಳು ಇದರ ಕಾರಣವನ್ನು ಬಲ್ಲರು. ಸಮತೋಲದ ಸ್ಥಾನಕ್ಕೆ ಹತ್ತಿರವಿರುವ ಬೆರಳಿನ ಮೇಲೆ ಭಾರ ಹೆಚ್ಚು ಬೀಳುತ್ತದೆ. ಭಾರ ಹೆಚ್ಚಿದಂತೆ ಘರ್ಷಣೆಯೂ ಹೆಚ್ಚಿ ಆ ಬೆರಳು ನಿಲ್ಲುತ್ತದೆ, ದೂರದ್ದು ಜಾರುತ್ತದೆ. ಹೀಗೆ ಒಂದನ್ನೊಂದು ಕಾಯುತ್ತ ಎರಡೂ ಆ ಸ್ಥಾನದ ಕೆಳಗೇ ಬಂದು ಸೇರುತ್ತವೆ. ಯಾರು ಬೇಕಾದರೂ ಮನೆಯ ಕಸಬರಿಗೆಯ ಕೋಲಿನಿಂದ ಇದನ್ನು ಮಾಡಿ ನೋಡಬಹುದು.

ನಾನು ಅಳತೆಪಟ್ಟಿ ತೆಗೆದು ಬರೆದುಕೊಂಡೆ. ಕೋಲಿನ ಉದ್ದ 58 ಇಂಚು. ಇದ್ದಿಲಿನ ಗೆರೆ ಬುಡದಿಂದ 16 ಇಂಚಿಗೆ. ನೆರೆಮನೆಯ ಪತ್ತಾರರ ಯಂತ್ರದಲ್ಲಿ ತೂಗಿದಾಗ 540 ಗ್ರಾಂ ಬಂದಿತು. ಇಂಗ್ಲಿಷ್ ಲೆಕ್ಕದಲ್ಲಿ 19 ಔನ್ಸು. ಪೂಲ್ ಕೋಲುಗಳು ಸಾಮಾನ್ಯವಾಗಿ 18ರಿಂದ 21 ಔನ್ಸಿನವರೆಗೆ ಇರುತ್ತವೆ; ಆಟದ ಅಂತರರಾಷ್ಟ್ರೀಯ ನಿಯಮದಂತೆ 25 ಔನ್ಸನ್ನು ಮೀರಬಾರದು, ಉದ್ದ 40 ಇಂಚಿಗೆ ಕಡಿಮೆಯಿರಬಾರದು. ಆದುದರಿಂದ ತೂಕದಲ್ಲಿ ತಪ್ಪೇನೂ ಇರಲಿಲ್ಲ. ಆದರೂ ಹುಡುಗನಿಗೆ ಕೋಲು ಭಾರ. ನಾನು ಈ ವಿರೋಧವನ್ನು ಎತ್ತಿ ಹೇಳಿದಾಗ ವೃದ್ಧರು ನನ್ನ ಕಾಗದವನ್ನು ನೋಡಲೂ ಇಲ್ಲ. ಹುಡುಗನ ಕಡೆ ತಿರುಗಿ, “ತಮ್ಮಾ, ನೀ ಆಡೂ ಹಂಗ ನಿಂದರು. ಕೈ ಎಲ್ಲೆಲ್ಲಿ ಬರ್ತಾವ ತೋರ್ಸು” ಎಂದರು.

ಅಂಗಳದ ಕಟ್ಟೆಯನ್ನೇ ಮೇಜೆಂದು ಭಾವಿಸಿ ಹುಡುಗ ಬಾಗಿ ನಿಂತ. ಅವನು ಗಿಡ್ಡನೆಯ ಆಳು, ತೋಳುಗಳೂ ಮೋಟು. ಹಿಂದಿನ ಕೈ ಬುಡದಿಂದ 8 ಇಂಚಿನಲ್ಲಿ ಹಿಡಿದಿತ್ತು. ಕೋಲಿಗೆ ಆಸರೆಯಾದ ಮುಂದಿನ ಕೈ 42 ಇಂಚಿನಲ್ಲಿತ್ತು. ಎರಡೂ ಕಡೆ ಇದ್ದಿಲಿನ ಗೆರೆ ಬಿತ್ತು. “ಇದು ಕೊಟ್ಟವರು ಹ್ಯಾಂಗ್ ಹಿಡೀತಿದ್ರು?” ಎಂಬುದು ಮುಂದಿನ ಪ್ರಶ್ನೆ. ಆರಡಿಯ ಆಳಾಗಿದ್ದ ಆ ಹಿರಿಯರು ಕೋಲಿನ ತೀರ ಹಿಂಭಾಗದಲ್ಲಿ, 5 ಇಂಚಿನ ಹತ್ತಿರ ಹಿಡಿಯುತ್ತಿದ್ದರೆಂದೂ ಮುಂದಿನ ಕೈಯನ್ನು ಇನ್ನೂ ಮುಂದಕ್ಕೆ, 45 ಇಂಚಿನವರೆಗೆ ಚಾಚುತ್ತಿದ್ದರೆಂದೂ ಹುಡುಗ ಹಿಡಿದು ತೋರಿಸಿದ. ವೃದ್ಧರು ತಲೆದೂಗಿದರು. “ಕೋಲ್ ಭಾರ ಇಲ್ಲ. ಇದು ಅವರ ಕೈಗಿ ಮಾಡಿದ್ದದ, ನಿನ್ನ ಕೈಗಿ ಅಲ್ಲ. ಬಾಲದಾಗ ಭಾರ ಕುಂತದ.”

ಬಾಲ! ಫ್ರೆಂಚಿನವರು ಇಟ್ಟ ಹೆಸರನ್ನು ಈ ಹಿರಿಯರು ಕೇಳಿದವರಲ್ಲ. ಕೋಲಿನ ಸ್ವಭಾವವನ್ನು ಕೈಯಿಂದ ತಿಳಿದು ಆ ಮಾತನ್ನೇ ಆಡಿದರು.

ಈ ತಿಳಿವಳಿಕೆ ಅವರಿಗೆ ಎಲ್ಲಿಂದ ಬಂತೆಂದು ಕೇಳಿದೆ. ಅವರು ಮೂಲೆಯ ಮೂಕಿಯ ಕಡೆ ಕೈತೋರಿದರು. ಎತ್ತಿನ ಗಾಡಿಯಲ್ಲಿ ಅಚ್ಚು ನಡುವೆ ಇರುತ್ತದೆ. ಜೋಳದ ದಂಟನ್ನೋ ಕಬ್ಬನ್ನೋ ಹೇರುವಾಗ ಅಚ್ಚಿಗೆ ಮುಂದಾಗಿ ಹೆಚ್ಚು ಹೇರಿದರೆ ಭಾರವೆಲ್ಲ ಎತ್ತುಗಳ ಹೆಗಲಿಗೆ ಬಂದು ಅವು ಕುಸಿಯುತ್ತವೆ. ಹಿಂದಾಗಿ ಹೇರಿದರೆ ಮೂಕಿ ಮೇಲಕ್ಕೆದ್ದು ನೊಗ ಹೆಗಲನ್ನು ಬಿಟ್ಟು, ಕೊರಳ ಪಟ್ಟಿ ಎತ್ತಿನ ಗಂಟಲನ್ನು ಬಿಗಿಯುತ್ತದೆ. ಹೇರಿದ ಮಾಲು ಎರಡು ಸಲವೂ ಒಂದೇ. ತಕ್ಕಡಿಗೆ ಭೇದ ತಿಳಿಯದು, ಎತ್ತಿಗೆ ತಿಳಿಯುತ್ತದೆ. ಹೆಗಲಿನ ಮೇಲೆ ಎಷ್ಟು ಭಾರ ಕುಳಿತರೆ ನೊಗ ಅಲುಗದೆ ನಿಲ್ಲುತ್ತದೆಂಬುದನ್ನು ಒಳ್ಳೆಯ ಗಾಡಿಕಾರ ನೋಡಿಕೊಳ್ಳುತ್ತಾನೆ. ಒಳ್ಳೆಯ ಬಡಗಿ ಅಚ್ಚನ್ನು ಕೂಡಿಸುವಾಗಲೇ ಅದನ್ನು ಎಣಿಸಿರುತ್ತಾನೆ. ಹುಡುಗನ ಮುಂದಿನ ಕೈ ಎತ್ತಿನ ಹೆಗಲಿದ್ದಂತೆ ಎಂದು ಅವರು ವಿವರಿಸಿದರು. ಅಲ್ಲಿ ಭಾರ ಸಾಲದು. ಆದ್ದರಿಂದಲೇ ಮೂತಿ ಏಳುತ್ತದೆ.

ಮನೆಗೆ ಬಂದು ನಾನು ಲೆಕ್ಕ ಹಾಕಿದೆ. ಸನ್ನೆಯ ನಿಯಮ ಎಲ್ಲರಿಗೂ ಗೊತ್ತಿರುವುದೇ. ಕೋಲಿನ ಭಾರವು ಎರಡು ಕೈಗಳ ನಡುವೆ ಸಮತೋಲದ ಸ್ಥಾನದಿಂದ ಅವುಗಳಿಗಿರುವ ದೂರಕ್ಕೆ ತಕ್ಕಂತೆ ಹಂಚಿಹೋಗುತ್ತದೆ. ಎತ್ತರದ ಹಿರಿಯರು ಹಿಡಿದಾಗ ಎರಡು ಕೈಗಳ ಅಂತರ 40 ಇಂಚು. ಹಿಂದಿನ ಕೈಯಿಂದ ಸಮತೋಲದ ಸ್ಥಾನಕ್ಕೆ 11 ಇಂಚು. ಆದುದರಿಂದ 540 ಗ್ರಾಮಿನಲ್ಲಿ ನಲವತ್ತರಲ್ಲಿ ಹನ್ನೊಂದು ಪಾಲು, ಎಂದರೆ ಸುಮಾರು 148 ಗ್ರಾಂ, ಅವರ ಮುಂದಿನ ಕೈಗೆ ಬೀಳುತ್ತಿತ್ತು. ಹುಡುಗ ಹಿಡಿದಾಗ ಅಂತರ 34 ಇಂಚು, ಹಿಂದಿನ ಕೈಯಿಂದ ಸಮತೋಲಕ್ಕೆ 8 ಇಂಚು ಮಾತ್ರ. ಅವನ ಮುಂದಿನ ಕೈಗೆ ಬೀಳುತ್ತಿದ್ದುದು 127 ಗ್ರಾಂ. ಕೊರತೆ 21 ಗ್ರಾಂ. ಅಕ್ಕಸಾಲಿಗರ ಲೆಕ್ಕದಲ್ಲಿ ಎರಡು ತೊಲಕ್ಕೂ ಕಡಿಮೆ. ಇಷ್ಟು ಅಲ್ಪವಾದ ಭೇದವೇ ಅವನ ಆಟವನ್ನು ಕೆಡಿಸುತ್ತಿತ್ತು.

ಕಾರಣ ತಿಳಿದ ಮಾತ್ರಕ್ಕೆ ಮದ್ದು ತಿಳಿಯುವುದಿಲ್ಲ. ವೃದ್ಧರು ಅಂದು ಕೋಲಿಗೆ ಉಳಿಯನ್ನು ಸೋಕಿಸಲಿಲ್ಲ. ಐದು ರೂಪಾಯಿಯ ಐದು ನಾಣ್ಯಗಳನ್ನು ಹಳೆಯ ಬಟ್ಟೆಯ ಚೂರಿನಲ್ಲಿ ಸುತ್ತಿ, ಕೋಲಿನ ನಡುವಿನ ತಿರುಪಿನ ಹತ್ತಿರ ಬಿಗಿಯಾಗಿ ಕಟ್ಟಿದರು. ನಾಣ್ಯವೊಂದಕ್ಕೆ 6 ಗ್ರಾಮಿನಂತೆ ಒಟ್ಟು 30 ಗ್ರಾಂ. ಒಂದು ಔನ್ಸಿಗಿಂತ ತುಸು ಹೆಚ್ಚು. “ನಾಲ್ಕ್ ದಿನ ಇದರಾಗೇ ಆಡು. ಆಮ್ಯಾಲ ಬಂದು ಹೇಳು” ಎಂದು ಕಳುಹಿಸಿದರು. ಮರಕ್ಕೆ ಗಾಯ ಮಾಡದೆ, ಬಿಚ್ಚಿದರೆ ಮೊದಲಿನಂತಾಗುವ ಹಾಗೆ ಪರೀಕ್ಷೆ ಮಾಡುವುದು ಅವರ ಮೊದಲ ನಿಯಮ. “ಕೊರದಿದ್ದು ಮತ್ತ ತುಂಬಂಗಿಲ್ಲ” ಎಂದು ಎರಡು ಸಲ ಹೇಳಿದರು.

ನಾಲ್ಕು ದಿನಗಳ ಮೇಲೆ ಹುಡುಗ ಹೋಗಿ ಹೇಳಿದ್ದು ಇದು: ಮೂತಿ ಈಗ ನಿಲ್ಲುತ್ತದೆ, ಗುರಿ ತಪ್ಪುವುದು ಕಡಿಮೆಯಾಗಿದೆ, ಆದರೆ ಸಂಜೆಯಾಗುವಷ್ಟರಲ್ಲಿ ಹಿಂದಿನ ತೋಳು ಸೋಲುತ್ತದೆ. ವೃದ್ಧರು ಇದನ್ನೇ ಎದುರು ನೋಡುತ್ತಿದ್ದಂತೆ ಕಂಡಿತು. ಮೂತಿಗೆ ಭಾರ ಬೇಕು, ಒಟ್ಟು ಭಾರ ಹೆಚ್ಚಬಾರದು. ಹಾಗಾದರೆ ಮುಂದೆ ಸೇರಿಸಿ ಪ್ರಯೋಜನವಿಲ್ಲ, ಬಾಲದಿಂದ ತೆಗೆಯಬೇಕು. ಬುಡದ ರಬ್ಬರಿನ ಬಿರಡೆಯನ್ನು ಬಿಡಿಸಿದಾಗ ಅದರ ಹಿಂದೆ ಮರದ ಬೆಣೆ, ಬೆಣೆಯ ಹಿಂದೆ ಹೆಬ್ಬೆರಳಿನ ದಪ್ಪವೂ ಇಲ್ಲದ ಸೀಸದ ಸಲಾಕೆ ಕಂಡಿತು. ಕೈಯಲ್ಲಿ ಕೋಲು ಮಾಡುವವರು ಬಹುಮಟ್ಟಿಗೆ ಹೀಗೆಯೇ ಸೀಸವನ್ನು ಹುದುಗಿಸಿ ತೂಕವನ್ನು ಹೊಂದಿಸುತ್ತಾರೆ. ಎಬನಿ ನೀರಿನಲ್ಲಿ ಮುಳುಗುವಷ್ಟು ಭಾರವಾದ ಮರ. ಸೀಸವಾದರೋ ಅದರ ಹತ್ತರಷ್ಟು ಭಾರ. ಒಂದು ಔನ್ಸು ಸೀಸವೆಂದರೆ ಬೆರಳಿನ ಒಂದು ಗೆಣ್ಣಿನಷ್ಟು ತುಂಡು. ಆದ್ದರಿಂದಲೇ ಕಿರಿದಾದ ರಂಧ್ರದಲ್ಲಿ ದೊಡ್ಡ ಬದಲಾವಣೆ ಅಡಗಿರುತ್ತದೆ.

ಸಲಾಕೆಯಿಂದ ಎರಡು ಔನ್ಸಿನಷ್ಟನ್ನು, ಎಂದರೆ ಸುಮಾರು 57 ಗ್ರಾಮನ್ನು, ಕತ್ತರಿಸಿ ತೆಗೆದರು. ಮಿಕ್ಕುದನ್ನು ಬೆಣೆ ಹಾಕಿ ಭದ್ರಪಡಿಸಿದರು. ಸೀಸ ಒಳಗೆ ಸಡಿಲವಾಗಿದ್ದರೆ ಹೊಡೆತಕ್ಕೊಮ್ಮೆ ಸದ್ದು ಮಾಡುತ್ತದೆ. ಸೀಸ ಮುಟ್ಟಿದ ಕೈಯನ್ನು ಹುಡುಗನಿಂದಲೂ ತೊಳೆಸಿದರು. ಮತ್ತೆ ಎರಡು ಬೆರಳುಗಳ ಪರೀಕ್ಷೆ. ಗೆರೆ ಈಗ 16 ಇಂಚಿನಿಂದ 17 ಇಂಚಿನ ಆಚೆಗೆ, ಹದಿನೇಳೂ ಮುಕ್ಕಾಲಿನ ಹತ್ತಿರ ಬಂದಿತ್ತು. ಮುಂಭಾಗಕ್ಕೆ ಏನನ್ನೂ ಸೇರಿಸದೆ ಮೂತಿಗೆ ಬಲ ಬಂದಿತು.

ಕಥೆ ಇಲ್ಲಿಗೆ ಮುಗಿಯಬೇಕಾಗಿತ್ತು, ಮುಗಿಯಲಿಲ್ಲ. ಒಂದು ವಾರ ಆಡಿದ ಹುಡುಗ ಮತ್ತೆ ಬಂದು, ಕೋಲು ಈಗ ನೆಟ್ಟಗೆ ಹೋಗುತ್ತದೆ, ಆದರೆ ದೂರದ ಚೆಂಡಿಗೆ ಬಲವಾಗಿ ಹೊಡೆದಾಗ ಕೈಯಲ್ಲಿ ಏನೂ ಇಲ್ಲದ ಹಾಗಾಗುತ್ತದೆ ಎಂದ. 483 ಗ್ರಾಮಿಗೆ ಇಳಿದಿದ್ದ ಕೋಲು ಅವನಿಗೆ ಹಗುರವೆನಿಸಿತ್ತು. ಈಗ ತೂಕ ಹೆಚ್ಚಬೇಕು, ತೋಲ ಕದಲಬಾರದು. ಈ ಒಗಟಿಗೆ ಉತ್ತರ ಒಂದೇ: ಸೇರಿಸುವ ಭಾರವನ್ನು ಸಮತೋಲದ ಸ್ಥಾನದಲ್ಲೇ ಸೇರಿಸಬೇಕು. ತಕ್ಕಡಿಯ ದಂಡಿಗೆಯನ್ನು ಹಿಡಿದ ಹಗ್ಗದ ಬುಡದಲ್ಲಿ ಏನನ್ನು ತೂಗಹಾಕಿದರೂ ತಟ್ಟೆಗಳು ಕದಲುವುದಿಲ್ಲವಷ್ಟೆ. ಆದರೆ ಆ ಸ್ಥಾನದಲ್ಲಿ ರಂಧ್ರವಿಲ್ಲ. ಕೊರೆದರೆ ಕೋಲಿನ ಜೀವಕ್ಕೇ ಅಪಾಯ. ವೃದ್ಧರು ತೆಗೆದಿಟ್ಟ ಸೀಸದಲ್ಲಿ ಅರ್ಧವನ್ನು ಕಲ್ಲಿನ ಮೇಲಿಟ್ಟು ಬಡಿದು ತಗಡು ಮಾಡಿದರು. ಮಿಲಿಮೀಟರಿನಷ್ಟು ತೆಳುವಾದ, ಎರಡು ಬೆರಳಗಲದ ಆ ಪಟ್ಟಿಯನ್ನು ಬುಡದಿಂದ 18 ಇಂಚಿನಲ್ಲಿ ಕೋಲಿಗೆ ಸುತ್ತಿ, ಮೇಲೆ ಆಡಿನ ತೊಗಲಿನ ತೆಳುವಾದ ತೋಳನ್ನು ಹೊಲಿದರು. ಹಿಂದಿನ ಕೈಯೂ ಮುಂದಿನ ಕೈಯೂ ಸೋಕದ ಸ್ಥಳ ಅದು. ಹೊಲಿಗೆ ಬಿಚ್ಚಿದರೆ ಎಬನಿಯ ಮೇಲೆ ಗುರುತೂ ಇರದು.

ಇಲ್ಲೊಂದು ಸೂಕ್ಷ್ಮವನ್ನು ಹೇಳಬೇಕು. ಅದೇ ಭಾರವನ್ನು ಅರ್ಧರ್ಧವಾಗಿ ಕೋಲಿನ ಎರಡು ತುದಿಗಳ ಕಡೆಗೆ ಹಂಚಿ, ಸಮತೋಲ ಕದಲದಂತೆ ನೋಡಿಕೊಳ್ಳಬಹುದಾಗಿತ್ತು. ಆಗಲೂ ತಕ್ಕಡಿಯ ತೂಕ ಒಂದೇ, ಬೆರಳಿನ ಪರೀಕ್ಷೆಯ ಗೆರೆಯೂ ಒಂದೇ. ಆದರೆ ತುದಿಗಳಲ್ಲಿ ಭಾರವಿರುವ ಕೋಲನ್ನು ಮಗ್ಗುಲಿಗೆ ತಿರುಗಿಸುವುದು ಕಷ್ಟ, ತಿರುಗಿದ್ದನ್ನು ನಿಲ್ಲಿಸುವುದೂ ಕಷ್ಟ. ನಡುವೆ ಭಾರವಿರುವ ಕೋಲು ಕೈಯ ಮಾತನ್ನು ಬೇಗ ಕೇಳುತ್ತದೆ. ಎರಡು ಬಿಂದಿಗೆಗಳ ಅಡ್ಡೆಯನ್ನು ಹೊತ್ತವನು ತಟ್ಟನೆ ತಿರುಗಲಾರ. ಅದೇ ನೀರನ್ನು ಒಂದೇ ಕೊಡದಲ್ಲಿ ತಲೆಯ ಮೇಲೆ ಹೊತ್ತವಳು ಸುಲಭವಾಗಿ ತಿರುಗುತ್ತಾಳೆ. ಹೀಗೆ ಒಂದು ಕೋಲಿನಲ್ಲಿ ಮೂರು ಸಂಗತಿಗಳಿವೆ: ಭಾರ ಎಷ್ಟು, ಅದು ಎಲ್ಲಿ ನಿಂತಿದೆ, ಎಷ್ಟು ಹರಡಿಕೊಂಡಿದೆ. ಮಾರುವವನು ಹೇಳುವುದು ಬಹುತೇಕ ಮೊದಲನೆಯದನ್ನು ಮಾತ್ರ; ಕೈ ಬಯಸುವುದು ಮೂರನ್ನೂ.

ಕೊನೆಯ ಅಳತೆ ಇದು. ತೂಕ 511 ಗ್ರಾಂ, 18 ಔನ್ಸು. ಸಮತೋಲದ ಸ್ಥಾನ ಹದಿನೇಳೂ ಮುಕ್ಕಾಲಿಗೆ ಎಳ್ಳಷ್ಟು ಹಿಂದೆ. ಹುಡುಗನ ಹಿಡಿತಕ್ಕೆ ಮತ್ತೆ ಲೆಕ್ಕ ಹಾಕಿದೆ. ಮುಂದಿನ ಕೈಗೆ ಬೀಳುವ ಭಾರ ಸುಮಾರು 145 ಗ್ರಾಂ ಬಂದಿತು. ಆ ಎತ್ತರದ ಹಿರಿಯರ ಮುಂದಿನ ಕೈಗೆ ಬೀಳುತ್ತಿದ್ದುದು 148. ಕೋಲಿನ ಮೊದಲ ಒಡೆಯ ಅನುಭವಿಸಿದ ಹದವೇ, ಒಂದು ಚಿಟಿಕೆಯಷ್ಟು ಅಂತರದಲ್ಲಿ, ಎರಡನೆಯವನ ಕೈಗೂ ಬಂದಿತ್ತು. ನಾನು ವಿಸ್ಮಯಪಟ್ಟು ಬಸ್ಸು ಹತ್ತಿ ಹೋಗಿ ಕಾಗದವನ್ನು ವೃದ್ಧರಿಗೆ ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ನೋಡಿ, “ಕೂಡ್ತಲ್ರಿ? ಛಲೋ ಆಯ್ತು” ಎಂದು ಕಾಗದವನ್ನು ಮರಳಿಸಿದರು. ಲೆಕ್ಕ ಸರಿಬಂದುದರಲ್ಲಿ ಅವರಿಗೆ ಆಶ್ಚರ್ಯವೇನೂ ಇರಲಿಲ್ಲ.

ಈ ಪ್ರಸಂಗವನ್ನು ಇಷ್ಟು ವಿಸ್ತಾರವಾಗಿ ಬರೆಯಲು ಕಾರಣವಿದೆ. ಕುಶಲಕರ್ಮಗಳು ನಶಿಸುತ್ತಿವೆಯೆಂದು ನಾವು ವಿದ್ಯಾವಂತರು ಆಗಾಗ ಮರುಗುತ್ತೇವೆ. ಗಾಡಿ ಹೋಯಿತು, ಗಾಡಿಯ ಜೊತೆಗೆ ಬಡಗಿಯ ವಿದ್ಯೆಯೂ ಹೋಯಿತು ಎಂಬುದು ನಮ್ಮ ತೀರ್ಮಾನ. ಆದರೆ ಬಸವಕಲ್ಯಾಣದ ಆ ಅಂಗಳದಲ್ಲಿ ಗಾಡಿ ಮಾತ್ರ ಹೋಗಿತ್ತು, ವಿದ್ಯೆ ಇತ್ತು. ಅದು ಎತ್ತಿನ ಹೆಗಲಿನಿಂದ ಆಟಗಾರನ ಕೈಗೆ ಹಾರಲು ಮೂರು ಭೇಟಿಗಳು ಸಾಕಾದವು. ಅದಕ್ಕೆ ಬೇಕಾಗಿದ್ದುದು ಹೊಸ ವಸ್ತುವೊಂದನ್ನು ಹಿಡಿದು ಯಾರಾದರೂ ಬಾಗಿಲಿಗೆ ಬರುವುದು. ನಮ್ಮ ಕಾಲೇಜುಗಳಲ್ಲಿ ಭೌತಶಾಸ್ತ್ರದ ಪ್ರಯೋಗಶಾಲೆಗಳಿವೆ, ಸನ್ನೆಯ ಪಾಠವೂ ಇದೆ. ಗಾಡಿಯ ಅಚ್ಚನ್ನು ಕೂಡಿಸಿದ ಕೈಯೊಂದನ್ನು ಆ ಪಾಠದ ದಿನ ತರಗತಿಗೆ ಕರೆತರಲು ಯಾವ ನಿಯಮವೂ ಅಡ್ಡಬರುವುದಿಲ್ಲ. ಕುಂಟುವ ಮುದುಕನ ಊರುಗೋಲು, ಕೈಸೋತ ರೋಗಿಯ ಚಮಚ, ಎಡಗೈ ವಿದ್ಯಾರ್ಥಿಯ ಮೇಜು ಇವೆಲ್ಲಕ್ಕೂ ಹದ ಬೇಕು. ಆ ಹದವನ್ನು ಬಲ್ಲವರು ಕೆಲಸವಿಲ್ಲದೆ ಕುಳಿತಿದ್ದಾರೆ.

ಭಾಷೆಯ ಅಧ್ಯಾಪಕನಾಗಿ ನನ್ನದೊಂದು ಪ್ರತ್ಯೇಕ ಕಳವಳವೂ ಇದೆ. ಮೂಕಿ ಎಂದರೇನೆಂದು ನನ್ನ ತರಗತಿಯಲ್ಲಿ ಕೇಳಿದಾಗ ಅರುವತ್ತು ಮಂದಿಯಲ್ಲಿ ನಾಲ್ವರು ಹೇಳಿದರು. ಮಿಕ್ಕವರು ಮಾತು ಬಾರದ ಹೆಂಗಸೆಂದು ಬರೆದರು. ತಪ್ಪು ಅವರದಲ್ಲ, ನೋಡದ ವಸ್ತುವಿನ ಹೆಸರು ನಾಲಗೆಯಲ್ಲಿ ನಿಲ್ಲುವುದಿಲ್ಲ. ನಿಘಂಟು ಶಬ್ದವನ್ನು ಕಾಪಾಡುತ್ತದೆ, ನಿಜ. ಆದರೆ ಶಬ್ದದ ತೂಕವನ್ನು ಕಾಪಾಡುವುದು ಅದನ್ನು ಕೈಯಲ್ಲಿ ಹಿಡಿದವರು. ಆ ಹುಡುಗನ ಬಾಯಲ್ಲಿ ಈಗ ‘ಬಾಲಭಾರ’, ‘ಮೂತಿ’, ‘ಹದ’ ಎಂಬ ಮಾತುಗಳು ಸಲೀಸಾಗಿ ಬರುತ್ತವೆ. ಹುಮನಾಬಾದಿನ ಪೂಲ್ ಕೋಣೆಯಲ್ಲಿ ಇತರ ಆಟಗಾರರೂ ತಮ್ಮ ಕೋಲನ್ನು ಎರಡು ಬೆರಳುಗಳ ಮೇಲಿಟ್ಟು ನೋಡಲು ಕಲಿತಿದ್ದಾರೆಂದು ಅವನು ಹೇಳುತ್ತಾನೆ.

ಕಲಬುರಗಿಯ ಸ್ಪರ್ಧೆಯಲ್ಲಿ ಅವನು ಎರಡು ಸುತ್ತು ಗೆದ್ದು ಮೂರನೆಯದರಲ್ಲಿ ಸೋತ. ಗೆದ್ದವನು ತನಗಿಂತ ಚೆನ್ನಾಗಿ ಆಡಿದನೆಂದು ಬಂದು ಹೇಳಿದ. ಕೋಲಿನ ಮೇಲೆ ದೂರು ಹೇಳಲಿಲ್ಲ. ಬಡಗಿ ತಮ್ಮ ಮೂರು ದಿನಗಳ ಶ್ರಮಕ್ಕೆ ಇನ್ನೂರು ರೂಪಾಯಿ ಪಡೆದರು. ಹೆಚ್ಚು ಕೊಡಲು ಹೋದರೆ ಒಪ್ಪಲಿಲ್ಲ. ಹುಡುಗ ಕಾಲುಮುಟ್ಟಿ ಹೊರಟಾಗ ಅವರು ಅವನನ್ನು ನಿಲ್ಲಿಸಿ, ಉಳಿದಿದ್ದ ಒಂದು ಔನ್ಸು ಸೀಸವನ್ನು ಹಳೆಯ ಪಂಚಾಂಗದ ಹಾಳೆಯಲ್ಲಿ ಮಡಚಿ ಅವನ ಜೇಬಿಗಿಟ್ಟರು.

“ಯಾಕ ಮುತ್ಯಾ, ಇದು ಬ್ಯಾಡಲ್ಲ ಈಗ?” ಎಂದ ಹುಡುಗ.

“ಇರಲಿ ತಮ್ಮಾ, ಅದು ಆ ಕೋಲಿಂದೇ. ನೀ ಇನ್ನಾ ಬೆಳೀತಿ, ನಿನ್ನ ಕೈ ಬದಲಾಗ್ತದ. ಇಲ್ಲಂದ್ರ ನೀನೂ ಒಂದಿನ ಇದು ಯಾರಿಗರ ಕೊಡ್ತಿ. ಅವರ ಕೈಗಿ ಬೇಕಾಗ್ತದ.”